ಪಹರೆಯವರಿಗೆ ಕಂಡ ಆಕಾಶ

ವಿಜ್ಞಾನದ ಎಲ್ಲ ಶೋಧಗಳೂ ಜ್ಞಾನದಾಹದಿಂದಲೇ ಹುಟ್ಟುವುದಿಲ್ಲ. ಕೆಲವು ಅಪನಂಬಿಕೆಯ ಮನೆಯಲ್ಲೂ ಹುಟ್ಟುತ್ತವೆ.

1963ರ ಆಗಸ್ಟ್‌ನಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಮಾಸ್ಕೋದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವಾತಾವರಣದಲ್ಲಾಗಲಿ, ಬಾಹ್ಯಾಕಾಶದಲ್ಲಾಗಲಿ, ನೀರಿನೊಳಗಾಗಲಿ ಅಣುಬಾಂಬಿನ ಪರೀಕ್ಷೆ ನಡೆಸುವುದಿಲ್ಲ ಎಂಬುದು ಆ ಮಾತು. ಆದರೆ ಸಹಿ ಹಾಕಿದವರಿಗೆ ಪರಸ್ಪರ ಭರವಸೆ ಇರಲಿಲ್ಲ. ಚಂದ್ರನ ಮರೆಯಲ್ಲಿ ಗುಟ್ಟಾಗಿ ಬಾಂಬು ಸಿಡಿಸಿದರೆ ಗತಿಯೇನು? ಅದೇ ಅಕ್ಟೋಬರ್‌ನಲ್ಲಿ ಅಮೆರಿಕ 'ವೇಲಾ' ಎಂಬ ಜೋಡಿ ಉಪಗ್ರಹಗಳನ್ನು ಪಹರೆಗೆ ಕಳಿಸಿತು.

ಅಣುಬಾಂಬು ಸಿಡಿದಾಗ ಗಾಮಾ ಕಿರಣಗಳು ಚಿಮ್ಮುತ್ತವೆ. ಇವು ಎಕ್ಸ್‌ರೇ ಕುಲದವೇ, ಆದರೆ ಅದಕ್ಕಿಂತ ಹೆಚ್ಚು ಶಕ್ತಿಯುಳ್ಳವು. ಆಕಾಶದಿಂದ ಬರುವ ಇಂಥ ಕಿರಣಗಳನ್ನು ನಮ್ಮ ವಾತಾವರಣ ಮೇಲೆಯೇ ತಡೆದುಬಿಡುತ್ತದೆ. ಆದ್ದರಿಂದ ನೇರವಾಗಿ ಹಿಡಿಯಬೇಕಾದರೆ ಮೇಲಕ್ಕೇ ಹೋಗಬೇಕು.

1967ರ ಜುಲೈ 2ರಂದು ವೇಲಾಗಳ ಉಪಕರಣಗಳಲ್ಲಿ ಗಾಮಾ ಕಿರಣಗಳ ಒಂದು ಅಲೆ ದಾಖಲಾಯಿತು. ಅದು ಏರಿತು, ಇಳಿಯಿತು, ಮತ್ತೆ ಏರಿತು. ಬಾಂಬಿನ ಲಕ್ಷಣ ಹೀಗಿರುವುದಿಲ್ಲ. ಅಣುಬಾಂಬು ತಯಾರಾದ ಲಾಸ್ ಅಲಾಮೋಸ್‌ನ ಪ್ರಯೋಗಾಲಯದಲ್ಲೇ ರೇ ಕ್ಲೆಬಸಾಡೆಲ್ ಮತ್ತು ಸಂಗಡಿಗರು ಈ ದಾಖಲೆಗಳನ್ನು ಪರಿಶೀಲಿಸುತ್ತ ಹೋದರು. ಒಂದೇ ಅಲೆ ಬೇರೆ ಬೇರೆ ಉಪಗ್ರಹಗಳನ್ನು ತಲುಪಿದ ಹೊತ್ತಿನ ಅಂತರದಿಂದ ಅದು ಬಂದ ದಿಕ್ಕನ್ನು ಅಂದಾಜು ಮಾಡಿದರು. ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲ! 1973ರಲ್ಲಿ ಇಂಥ 16 ಸ್ಫೋಟಗಳ ವಿವರವನ್ನು ಅವರು ಪ್ರಕಟಿಸಿದರು.

ಬರೀ ದಿಕ್ಕಿನ ಅಂದಾಜು ಸಾಲದು, ವಿಳಾಸ ಬೇಕು. ಅದಕ್ಕೆ ಪರಸ್ಪರ ಬಹಳ ದೂರದಲ್ಲಿರುವ ಗಡಿಯಾರಗಳು ಬೇಕು. 1979ರ ಮಾರ್ಚ್ 5ರಂದು ಅತಿ ಪ್ರಬಲವಾದ ಗಾಮಾ ಅಲೆಯೊಂದು ಬಂದಾಗ ಅದು ಸೋವಿಯತ್ತಿನ ವೆನೆರಾ 11 ಮತ್ತು 12ಕ್ಕೂ ತಾಗಿತು, ಶುಕ್ರನನ್ನು ಸುತ್ತುತ್ತಿದ್ದ ಅಮೆರಿಕದ ನೌಕೆಗೂ ತಾಗಿತು, ವೇಲಾಗೂ ತಾಗಿತು. ಎರಡೂ ಕಡೆಯ ಹೊತ್ತುಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ ವಿಳಾಸ ಸಿಕ್ಕಿತು: ಸುಮಾರು 1,60,000 ಜ್ಯೋತಿರ್ವರ್ಷ ದೂರದ ದೊಡ್ಡ ಮೆಗಲಾನಿಕ್ ಮೋಡ ಎಂಬ ಗೆಲಾಕ್ಸಿ. ಅಲ್ಲಿನ ಪ್ರಚಂಡ ಕಾಂತಶಕ್ತಿಯ ನ್ಯೂಟ್ರಾನ್ ನಕ್ಷತ್ರವೊಂದರ ಆರ್ಭಟ ಅದೆಂದು ಮುಂದೆ ತಿಳಿಯಿತು. ವೇಲಾ ಮೊದಲು ಕಂಡ ಬಗೆಯ ಸ್ಫೋಟಗಳು ಇನ್ನೂ ದೂರದವು, ನೂರಾರು ಕೋಟಿ ಜ್ಯೋತಿರ್ವರ್ಷಗಳಾಚೆಯವು ಎಂಬುದು 1997ರಲ್ಲಿ ಖಚಿತವಾಯಿತು.

ಕಳ್ಳನನ್ನು ಹಿಡಿಯಲು ಹೋದ ಕಾವಲುಗಾರನಿಗೆ ನಕ್ಷತ್ರಗಳ ಸುದ್ದಿ ಸಿಕ್ಕಿತ್ತು. ಆದರೆ ಅದು ಎಲ್ಲಿಂದ ಬಂತೆಂದು ಅರಿಯಲು, ಯಾರ ಮೇಲೆ ಅನುಮಾನವಿತ್ತೋ ಅವರ ಗಡಿಯಾರವನ್ನೇ ನಂಬಬೇಕಾಯಿತು.