ಆಚಾರ ಮತ್ತು ದಾಸೋಹ



ಈ ರಾಜಾನುಕುಂಟೆಯಲ್ಲಿ ರೈಲು ಹತ್ತಿ, ಯಲಹಂಕ ದಾಟಿ, ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಇಳಿದವರು ನಿಮ್ಮಲ್ಲಿ ಅನೇಕರಿದ್ದೀರಿ. ನಿಲ್ದಾಣದ ಎದುರಿಗೇ ಗುಬ್ಬಿ ತೋಟದಪ್ಪನವರ ಧರ್ಮಛತ್ರವಿದೆ. ಅದನ್ನು ನೋಡಿಯೂ ನೋಡದವರಂತೆ ನಾವು ನಡೆದುಬಿಡುತ್ತೇವೆ.

ಮೊನ್ನೆ ಓದಿದ ತರುಣನೊಬ್ಬ ಮಠಕ್ಕೆ ಬಂದು ಕೇಳಿದ: "ಬುದ್ಧೀ, ಆಚಾರವಂತರು ಎಂದರೆ ತಮ್ಮ ಪೂಜೆ, ತಮ್ಮ ನೇಮ, ತಮ್ಮ ಜನ ಇಷ್ಟೇ ಅಲ್ಲವೇ? ಅವರು ಕೊಟ್ಟರೂ ತಮ್ಮವರಿಗೇ ಕೊಡುತ್ತಾರೆ." ನಾವು ಅವನ ಮೇಲೆ ಕೋಪಿಸಿಕೊಳ್ಳಲಿಲ್ಲ. ಲೋಕದ ಮಾತನ್ನೇ ಅವನು ಆಡಿದ್ದ. ಆ ಮಾತಿಗೆ ಚರಿತ್ರೆಯೇ ಉತ್ತರ ಹೇಳಬೇಕು.

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ. ಗುಬ್ಬಿಯಿಂದ ಬಂದ ಮನೆತನ. ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರ. ಮಕ್ಕಳಿರಲಿಲ್ಲ. ದೂರದಿಂದ ಬಂದ ಪ್ರಯಾಣಿಕರು ತಂಗಲು ನೆಲೆಯಿಲ್ಲದೆ ಪಡುವ ಪಾಡನ್ನು ಕಂಡು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. 1903ರಲ್ಲಿ ಅದು ತೆರೆಯಿತು. ಬಡ ವಿದ್ಯಾರ್ಥಿಗಳ ವಸತಿಗೂ ಏರ್ಪಾಡು ಮಾಡಿ, ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, 1910ರಲ್ಲಿ ಲಿಂಗೈಕ್ಯರಾದರು. ಮೈಸೂರು ಅರಸರು ಅವರಿಗೆ ಕೊಟ್ಟ ಬಿರುದು 'ಧರ್ಮಪ್ರವರ್ತ'.

ಉತ್ತರದಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರೂ ಹಾಗೆಯೇ. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ದೇಸಗತಿಯ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು.

ಇಲ್ಲಿ ಆ ತರುಣ ಮತ್ತೆ ಕೇಳಬಹುದು: "ಸಮಾಜದ ಮಕ್ಕಳಿಗೆ ತಾನೆ?" ಹೌದು. ಆ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ನಾವು ಮುಚ್ಚಿಡಬಾರದು. ಅಂದು ಒಕ್ಕಲು ಮನೆಯ ಹುಡುಗನಿಗೆ ಶಾಲೆಯೇ ದೂರವಾಗಿತ್ತು. ಮನೆಯ ದೀಪವನ್ನು ಮೊದಲು ಹಚ್ಚಿದ್ದು ತಪ್ಪಲ್ಲ. ಆದರೆ ದೀಪ ಹತ್ತಿದ ಮೇಲೂ ಬಾಗಿಲು ಹಾಕಿಕೊಂಡು ಕುಳಿತರೆ ಅದು ತಪ್ಪು.

ಆ ಬಾಗಿಲನ್ನು ತೆರೆದು ತೋರಿಸಿದವರು ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮಿಗಳು. ನಿತ್ಯ ಲಿಂಗಪೂಜೆಯಲ್ಲಿ ಅವರಷ್ಟು ಕಟ್ಟುನಿಟ್ಟಾದವರು ವಿರಳ. ಸಂಸ್ಕೃತ ಪಾಠಶಾಲೆಯನ್ನು ಪೋಷಿಸಿದ ಮಠ ಅದು. ಅಂಥ ಸಂಪ್ರದಾಯಸ್ಥರ ಮಠದಲ್ಲಿ ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ದೊರೆತವು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದರು. ಆ ದಿನವನ್ನು ಸರ್ಕಾರವು ದಾಸೋಹ ದಿನವೆಂದು ಘೋಷಿಸಿತು. ಆಚಾರ ಬಿಗಿಯಾದಷ್ಟೂ ಕೈ ಬಿಗಿಯಾಗುತ್ತದೆಂಬ ಮಾತು ಅಲ್ಲಿ ಸುಳ್ಳಾಯಿತು.

'ದಾಸೋಹ' ಶಬ್ದವನ್ನು ಬಿಡಿಸಿ ನೋಡಿರಿ: ದಾಸಃ, ಅಹಮ್, ನಾನು ದಾಸನು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕ. ಆದ್ದರಿಂದ ಲೋಕ ನಮ್ಮನ್ನು ಹೊಗಳಲಿಲ್ಲವೆಂದು ಕೊರಗುವವನು ದಾನ ಮಾಡಿದ್ದಾನೆ, ದಾಸೋಹ ಮಾಡಿಲ್ಲ.

ಆ ತರುಣನಿಗೆ ನಾವು ಇಷ್ಟೇ ಹೇಳಿದೆವು: "ಮಗೂ, ಇಂದು ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸು. ನಿನ್ನ ಎಡಬಲದಲ್ಲಿ ಯಾರಿದ್ದಾರೆಂದು ನೋಡು." ನಿಮಗೂ ನಮ್ಮ ಮಾತು ಅದೇ. ಆ ಪಂಕ್ತಿಯಲ್ಲಿ ನಮ್ಮವರಷ್ಟೇ ಕಂಡರೆ ತಪ್ಪು ಲೋಕದ್ದಲ್ಲ, ನಮ್ಮದು. ಅದನ್ನು ತಿದ್ದಿಕೊಳ್ಳುವ ಶಕ್ತಿಯನ್ನು ಶಿವನು ಎಲ್ಲರಿಗೂ ಕರುಣಿಸಲಿ.

ಇತ್ಯಾಶೀರ್ವಾದಗಳು.