ಭಾರತ-ಚೀನಾ ವಾಣಿಜ್ಯ ಕೊರತೆ: ಅದಿರಿನಿಂದ ಆಯಸ್ಕಾಂತದವರೆಗೆ

2024-25ನೇ ಆರ್ಥಿಕ ವರ್ಷದಲ್ಲಿ ಭಾರತವು ಚೀನಾದಿಂದ ಆಮದು ಮಾಡಿಕೊಂಡ ಸರಕುಗಳ ಮೌಲ್ಯ 11,345 ಕೋಟಿ ಡಾಲರ್. ಅದೇ ಅವಧಿಯಲ್ಲಿ ಭಾರತದಿಂದ ಆ ದೇಶಕ್ಕೆ ರಫ್ತಾದದ್ದು 1,425 ಕೋಟಿ ಡಾಲರ್ ಮೌಲ್ಯದ ಸರಕು. ಅಲ್ಲಿಂದ ಎಂಟು ರೂಪಾಯಿಯ ಮಾಲು ಬಂದರೆ ಇಲ್ಲಿಂದ ಹೋದದ್ದು ಒಂದು ರೂಪಾಯಿಯದು. ಇವೆರಡರ ನಡುವಿನ ಸುಮಾರು 9,920 ಕೋಟಿ ಡಾಲರ್ ಅಂತರವನ್ನೇ ದ್ವಿಪಕ್ಷೀಯ ವಾಣಿಜ್ಯ ಕೊರತೆ ಎನ್ನಲಾಗುತ್ತದೆ. ಬೇರಾವ ದೇಶದೊಂದಿಗೂ ಭಾರತಕ್ಕೆ ಇಷ್ಟು ದೊಡ್ಡ ಕೊರತೆ ಇಲ್ಲ.

ಒಂದು ದೇಶದೊಂದಿಗೆ ಕೊರತೆ ಇದ್ದ ಮಾತ್ರಕ್ಕೆ ಅದು ನಷ್ಟವೆಂದು ಅರ್ಥಶಾಸ್ತ್ರ ಹೇಳುವುದಿಲ್ಲ. ಸಂಬಳದಾರನೊಬ್ಬನಿಗೆ ದಿನಸಿ ಅಂಗಡಿಯೊಂದಿಗೆ ಸದಾ ಕೊರತೆಯೇ. ಅಂಗಡಿಯವನು ಅವನಿಂದ ಏನನ್ನೂ ಕೊಳ್ಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕವು ವಿವಿಧ ದೇಶಗಳ ಮೇಲಿನ 'ಪ್ರತಿಸುಂಕ'ವನ್ನು ಇಂಥ ದ್ವಿಪಕ್ಷೀಯ ಕೊರತೆಯ ಸೂತ್ರದಿಂದಲೇ ಲೆಕ್ಕ ಹಾಕಿದಾಗ ಅರ್ಥಶಾಸ್ತ್ರಜ್ಞರು ಟೀಕಿಸಿದ್ದು ಇದೇ ಕಾರಣಕ್ಕೆ. ಆ ಸೂತ್ರದಲ್ಲಿ ಭಾರತ 'ಆರೋಪಿ'ಯ ಸ್ಥಾನದಲ್ಲಿತ್ತು. ಏಕೆಂದರೆ ಅಮೆರಿಕದೊಂದಿಗಿನ ವ್ಯಾಪಾರದಲ್ಲಿ ಭಾರತಕ್ಕೆ 2024-25ರಲ್ಲಿ 4,100 ಕೋಟಿ ಡಾಲರ್‌ಗೂ ಹೆಚ್ಚಿನ ಮಿಗತೆ ಇತ್ತು.

ಆದ್ದರಿಂದ ಚೀನಾದೊಂದಿಗಿನ ಕೊರತೆಯನ್ನು ಅಳೆಯುವಾಗ ಮೊತ್ತಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಏನನ್ನು ಮಾರಿ ಏನನ್ನು ಕೊಳ್ಳಲಾಗುತ್ತಿದೆ? ಕೊಳ್ಳುತ್ತಿರುವುದು ನಾಳೆ ಸಿಗದೇ ಹೋದರೆ ಏನಾಗುತ್ತದೆ?

ಬಳ್ಳಾರಿಯ ಅದಿರಿನ ದಿನಗಳು

ಈ ಕೊರತೆ ಮೊದಲಿನಿಂದಲೂ ಹೀಗಿರಲಿಲ್ಲ. 2000-01ರಲ್ಲಿ ಭಾರತದ ರಫ್ತು ಸುಮಾರು 83 ಕೋಟಿ ಡಾಲರ್, ಆಮದು 150 ಕೋಟಿ ಡಾಲರ್ ಆಗಿತ್ತು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯತ್ವ ಪಡೆದ ನಂತರ ವಹಿವಾಟು ವೇಗವಾಗಿ ಬೆಳೆಯಿತು. ಸ್ವಾರಸ್ಯವೆಂದರೆ, ಚೀನಾದ ಕಸ್ಟಮ್ಸ್ ಇಲಾಖೆಯ ಅಂಕಿ-ಅಂಶಗಳ ಪ್ರಕಾರ 2004 ಮತ್ತು 2005ರಲ್ಲಿ ಮಿಗತೆ ಇದ್ದದ್ದು ಭಾರತಕ್ಕೆ! ಭಾರತದ ಲೆಕ್ಕದಲ್ಲಿ ಮಾತ್ರ ಆಗಲೂ ಕೊರತೆಯೇ. ಎರಡು ದೇಶಗಳ ಲೆಕ್ಕ ತಾಳೆಯಾಗದಿರುವುದಕ್ಕೆ ಕಾರಣಗಳಿವೆ. ರಫ್ತನ್ನು ಬಂದರಿನ ದರದಲ್ಲಿಯೂ ಆಮದನ್ನು ಹಡಗು ಬಾಡಿಗೆ ಹಾಗೂ ವಿಮೆ ಸೇರಿಸಿಯೂ ದಾಖಲಿಸುವುದು ವಾಡಿಕೆ. ಹಾಂಗ್‌ಕಾಂಗ್ ಮೂಲಕ ಸಾಗುವ ಸರಕು ಯಾರ ಖಾತೆಗೆ ಎಂಬುದೂ ಒಂದು ತೊಡಕು.

ಆ ವರ್ಷಗಳ ರಫ್ತಿನ ಬಹುದೊಡ್ಡ ಪಾಲು ಕಬ್ಬಿಣದ ಅದಿರಿನದು. ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಚೀನಾದಲ್ಲಿ ನಿರ್ಮಾಣ ಕಾಮಗಾರಿಗಳು ಭರದಿಂದ ನಡೆದಿದ್ದವು, ಉಕ್ಕಿನ ಕಾರ್ಖಾನೆಗಳು ಅದಿರಿಗಾಗಿ ಹಾತೊರೆಯುತ್ತಿದ್ದವು. ಬಳ್ಳಾರಿ, ಹೊಸಪೇಟೆ, ಸಂಡೂರಿನ ಗಣಿಗಳಿಂದ ಹೊರಟ ಲಾರಿಗಳ ಸಾಲು ಬೇಲೆಕೇರಿ, ಮಂಗಳೂರು, ಕೃಷ್ಣಪಟ್ಟಣಂ, ಚೆನ್ನೈ ಬಂದರುಗಳತ್ತ ಸಾಗಿತು. ಕೆಂಧೂಳು ಮೆತ್ತಿದ ಹೊಲಗಳಲ್ಲಿ ಬೆಳೆ ಕೈಗೆ ಹತ್ತದ ರೈತರಲ್ಲಿ ಹಲವರು ಜಮೀನನ್ನೇ ಅದಿರು ದಾಸ್ತಾನಿಗೆ ಬಿಟ್ಟುಕೊಟ್ಟರು.

ಮುಂದಿನದು ರಾಜ್ಯದ ಓದುಗರಿಗೆ ತಿಳಿದ ಕಥೆ. 2010ರಲ್ಲಿ ಬೇಲೆಕೇರಿಯಲ್ಲಿ ಅರಣ್ಯ ಇಲಾಖೆ ವಶಪಡಿಸಿಕೊಂಡಿದ್ದ ಅದಿರೇ ಮಾಯವಾಯಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರ ವರದಿ ಹೊರಬಿತ್ತು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು. ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ಸ್ಥಗಿತಗೊಳಿಸಿತು, ಮರುತಿಂಗಳು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಆದೇಶ ವಿಸ್ತರಿಸಿತು. ಕರ್ನಾಟಕದ ಅದಿರಿನ ರಫ್ತಿಗೆ ನ್ಯಾಯಾಲಯ ಮತ್ತೆ ಅವಕಾಶ ನೀಡಿದ್ದು 2022ರ ಮೇ ತಿಂಗಳಲ್ಲಿ. ಅದೇ ತಿಂಗಳು ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ನವೆಂಬರ್‌ನಲ್ಲಿ ಏರಿಕೆಯನ್ನು ಹಿಂಪಡೆಯಿತು.

2015-16ರ ವೇಳೆಗೆ ಚೀನಾಕ್ಕೆ ಭಾರತದ ರಫ್ತು 901 ಕೋಟಿ ಡಾಲರ್‌ಗೆ ಕುಸಿದಿತ್ತು. ಆಮದು 6,100 ಕೋಟಿ ಡಾಲರ್ ದಾಟಿತ್ತು. ಗಣಿ ನಿಷೇಧದಿಂದಲೇ ಕೊರತೆ ಬೆಳೆಯಿತು ಎಂಬ ವಾದ ಗಣಿ ಉದ್ಯಮದ ವಲಯದಲ್ಲಿ ಕೇಳಿಬಂದಿದ್ದುಂಟು. ಅದರಲ್ಲಿ ಹುರುಳು ಸ್ವಲ್ಪವೇ. ಇಡೀ ಗುಡ್ಡಗಳನ್ನೇ ಹಡಗಿಗೇರಿಸಿದ್ದರೂ ಈ ಅಂತರ ತುಂಬುತ್ತಿರಲಿಲ್ಲ. ಅದಿರಿನ ಬೆಲೆ ಚೀನಾದ ಬೇಡಿಕೆಯೊಂದಿಗೆ ಏರಿಳಿಯುತ್ತದೆ. ಆಸ್ಟ್ರೇಲಿಯಾ, ಬ್ರೆಜಿಲ್‌ಗಳಂಥ ದೈತ್ಯ ಪೂರೈಕೆದಾರರೂ ಇದ್ದಾರೆ. ಅತ್ತಲಿಂದ ಬರುತ್ತಿದ್ದ ದೂರಸಂಪರ್ಕ ಉಪಕರಣ, ವಿದ್ಯುತ್ ಸ್ಥಾವರದ ಯಂತ್ರ, ಎಲೆಕ್ಟ್ರಾನಿಕ್ ಬಿಡಿಭಾಗಗಳಿಗಾದರೋ ಪ್ರತಿವರ್ಷ ಬೇಡಿಕೆ ಹೆಚ್ಚುತ್ತಲೇ ಹೋಯಿತು.

ರೇಷ್ಮೆ ಮತ್ತು ಪೆನಿಸಿಲಿನ್

ಅಗ್ಗದ ಆಮದಿನ ಪರಿಣಾಮ ಎಲ್ಲರಿಗೂ ಒಂದೇ ಬಗೆಯದಲ್ಲ. ಚೀನಾದ ಕಚ್ಚಾ ರೇಷ್ಮೆ ಅಗ್ಗವಾಗಿ ಬಂದಾಗಲೆಲ್ಲ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ಧಾರಣೆ ಕುಸಿಯುವ ಭೀತಿ ಬೆಳೆಗಾರರದು. ಮಗ್ಗದವರಿಗೆ ಅದೇ ನೂಲು ಅನುಕೂಲ. 2011ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು; 2013ರಲ್ಲಿ ಶೇ 15ಕ್ಕೆ ಏರಿಸಿತು. ಎರಡೂ ಬಾರಿ ಒಂದು ವರ್ಗಕ್ಕೆ ಹರ್ಷ, ಇನ್ನೊಂದಕ್ಕೆ ಆಕ್ರೋಶ.

ಔಷಧ ಕ್ಷೇತ್ರದ ಸಂಗತಿ ಇದಕ್ಕಿಂತ ಗಂಭೀರ. ಮಾತ್ರೆ, ಚುಚ್ಚುಮದ್ದುಗಳನ್ನು ಜಗತ್ತಿಗೆಲ್ಲ ಮಾರುವ ಭಾರತವು ಅವುಗಳ ಮೂಲ ರಾಸಾಯನಿಕಗಳಿಗೆ ಚೀನಾವನ್ನು ನೆಚ್ಚಿಕೊಂಡಿದೆ. ಈ ಬಗೆಯ ಆಮದಿನಲ್ಲಿ ಆ ದೇಶದ ಪಾಲು ಸುಮಾರು ಶೇ 70. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ 1950ರ ದಶಕದಲ್ಲಿಯೇ ಪೆನಿಸಿಲಿನ್ ತಯಾರಿಸುತ್ತಿತ್ತು. ಆಮೇಲೆ ಖಾಸಗಿ ಘಟಕಗಳೂ ತಲೆಯೆತ್ತಿದವು. ಚೀನಾದ ಬೃಹತ್ ಘಟಕಗಳ ಬೆಲೆಯ ಮುಂದೆ ನಿಲ್ಲಲಾರದೆ ಅವು ಒಂದೊಂದಾಗಿ ಪೆನಿಸಿಲಿನ್-ಜಿ ಉತ್ಪಾದನೆ ಕೈಬಿಟ್ಟವು. ಉತ್ತೇಜನ ಯೋಜನೆಯಡಿ ಆಂಧ್ರಪ್ರದೇಶದ ಕಾಕಿನಾಡದಲ್ಲಿ ಇದರ ತಯಾರಿಕೆ ಮತ್ತೆ ಆರಂಭವಾದದ್ದು 2024ರಲ್ಲಿ. ಮುಚ್ಚಿದ ಘಟಕವನ್ನು ತೆರೆಯುವುದು ಸುಂಕ ಏರಿಸಿದಷ್ಟು ಸುಲಭವಲ್ಲ. ಆ ಕೆಲಸ ಬಲ್ಲ ತಂತ್ರಜ್ಞರ ತಲೆಮಾರೇ ಅಷ್ಟರಲ್ಲಿ ಚದುರಿಹೋಗಿರುತ್ತದೆ.

ಗಡಿಯಲ್ಲಿ ಉದ್ವಿಗ್ನತೆ, ಬಂದರಿನಲ್ಲಿ ವಹಿವಾಟು

2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಶೃಂಗಸಭೆಯಲ್ಲಿ ಭಾರತವು ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದದಿಂದ ಹೊರಗುಳಿಯಲು ನಿರ್ಧರಿಸಿತು. ಚೀನಾದ ಸರಕು ಸುಂಕವಿಲ್ಲದೆ ನುಗ್ಗೀತೆಂಬ ಆತಂಕ ಅದಕ್ಕೆ ಒಂದು ಮುಖ್ಯ ಕಾರಣ. 2020ರ ಏಪ್ರಿಲ್‌ನಲ್ಲಿ ನೆರೆಯ ದೇಶಗಳ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಜೂನ್‌ನಲ್ಲಿ ಗಾಲ್ವಾನ್ ಸಂಘರ್ಷ. ತಿಂಗಳ ಕೊನೆಗೆ 59 ಆ್ಯಪ್‌ಗಳ ನಿಷೇಧ. ಬೀದಿಗಳಲ್ಲಿ ಬಹಿಷ್ಕಾರದ ಕೂಗು ಎದ್ದಿತು. ಆದರೆ 2020-21ರಲ್ಲಿ ಸುಮಾರು 6,500 ಕೋಟಿ ಡಾಲರ್ ಇದ್ದ ಆಮದು ಮರುವರ್ಷ 9,400 ಕೋಟಿ ಡಾಲರ್ ದಾಟಿತು.

ಸರಕನ್ನು ಬರಗೊಟ್ಟು ಹೂಡಿಕೆ ಹಾಗೂ ತಂತ್ರಜ್ಞರನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ನಮ್ಮ ಮೆಟ್ರೊ ಒಳ್ಳೆಯ ನಿದರ್ಶನ. 216 ಬೋಗಿಗಳ ಪೂರೈಕೆಯ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ದೊರೆಯಿತು. ಹೆಚ್ಚಿನ ಬೋಗಿಗಳು ಭಾರತದಲ್ಲೇ ತಯಾರಾಗಬೇಕಿತ್ತು. ಕಂಪನಿಯ ಕಾರ್ಖಾನೆ ಇಲ್ಲಿ ತಲೆಯೆತ್ತಲಿಲ್ಲ. ಕೆಲಸ ಪಶ್ಚಿಮ ಬಂಗಾಳದ ಟೀಟಾಗಢ ಕಂಪನಿಯ ಪಾಲಿಗೆ ಬಂತು. ಚೀನಾದ ಎಂಜಿನಿಯರ್‌ಗಳ ವೀಸಾ ವಿಳಂಬವಾಯಿತು. ಮೊದಲ ರೈಲು ನಗರಕ್ಕೆ ಬಂದದ್ದು 2024ರ ಫೆಬ್ರುವರಿಯಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದರಂತೆ. ಹಳಿ, ನಿಲ್ದಾಣ ಸಿದ್ಧವಿದ್ದೂ ಎಲೆಕ್ಟ್ರಾನಿಕ್ಸ್ ಸಿಟಿಯ ಉದ್ಯೋಗಿಗಳು ಅಷ್ಟು ಕಾಲ ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯಲ್ಲೇ ಕಾದರು.

ಎದುರು ದಿಕ್ಕಿನ ಬಾಗಿಲು ಅಷ್ಟು ಸಲೀಸಾಗಿ ತೆರೆದಿಲ್ಲ. ಹುವಾವೆ ಕಂಪನಿ 1999ರಲ್ಲೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಇನ್ಫೊಸಿಸ್ 2003ರಲ್ಲಿ ಶಾಂಘೈ ಪ್ರವೇಶಿಸಿತು. ಆದರೆ ಸಾಫ್ಟ್‌ವೇರ್ ಹಾಗೂ ಔಷಧಗಳಿಗೆ ಚೀನಾದಲ್ಲಿ ಮುಕ್ತ ಅವಕಾಶ ಸಿಗುತ್ತಿಲ್ಲ ಎಂಬುದು ಭಾರತದ ಬಹುಕಾಲದ ದೂರು.

ಆಯಸ್ಕಾಂತದ ಪಾಠ

2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಖನಿಜಗಳು ಹಾಗೂ ಅವುಗಳಿಂದ ತಯಾರಾಗುವ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿತು. ಆಮದು ಮೊತ್ತದಲ್ಲಿ ಈ ಆಯಸ್ಕಾಂತಗಳ ಪಾಲು ಎಣಿಕೆಗೆ ಸಿಗದಷ್ಟು ಕಡಿಮೆ. ಆದರೂ ಅವಿಲ್ಲದೆ ವಿದ್ಯುತ್ ಸ್ಕೂಟರ್‌ನ ಮೋಟಾರ್ ತಿರುಗದು. ಕೆಲವೇ ತಿಂಗಳಲ್ಲಿ ದೇಶದ ವಿದ್ಯುತ್ ದ್ವಿಚಕ್ರ ವಾಹನ ತಯಾರಕರಿಗೆ ಬಿಸಿ ತಟ್ಟಿತು. ಬಜಾಜ್ ಉತ್ಪಾದನೆ ತಗ್ಗಿಸಿತು.

ಈ ಖನಿಜಗಳನ್ನು ಒಳಗೊಂಡ ಮೊನಜೈಟ್ ಮರಳು ಕೇರಳ, ತಮಿಳುನಾಡು, ಒಡಿಶಾದ ಕರಾವಳಿಯಲ್ಲಿದೆ. ಅದನ್ನು ಸಂಸ್ಕರಿಸುವ ಸರ್ಕಾರಿ ಸಂಸ್ಥೆ 1950ರಲ್ಲೇ ಸ್ಥಾಪನೆಯಾಗಿದೆ. ಮರಳಿನಿಂದ ಆಯಸ್ಕಾಂತದವರೆಗಿನ ಪೂರ್ಣ ಸರಪಳಿ ಮಾತ್ರ ಬೆಳೆಯಲಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇದಕ್ಕಾಗಿ 7,280 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಕೆ ಅದರ ಗುರಿ. ಘಟಕಗಳ ಸ್ಥಾಪನೆಗೆ 2 ವರ್ಷ ಕಾಲಾವಕಾಶ ನೀಡಲಾಗಿದೆ.