ಹೊಸ ಗಡಿಗೆ ಜಿನುಗುತ್ತಿದೆಯೇ? ಪೇಂಟ್ ಬೇಡ, ಗಂಜಿ ಸಾಕು
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗದವರ ಗಮನಕ್ಕೆ: ಹೊಸ ಮಣ್ಣಿನ ಗಡಿಗೆ ಜಿನುಗಿದ ಮಾತ್ರಕ್ಕೆ ಅದು ಒಡಕಲ್ಲ. ತಟ್ಟಿದಾಗ ಠಣ್ ಎಂದರೆ ಗಟ್ಟಿ ಇದೆ ಅಂತ ಅರ್ಥ. ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಅಷ್ಟೇ.

ಅಡುಗೆ ಗಡಿಗೆಯಾದರೆ ಒಂದು ರಾತ್ರಿ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ಮುಕ್ಕಾಲು ಭಾಗ ತೆಳು ಅಕ್ಕಿಗಂಜಿ ತುಂಬಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ, ತಾನಾಗೇ ಆರಲು ಬಿಡಿ. ಗಂಜಿಯ ಪಿಷ್ಟ ರಂಧ್ರಗಳಲ್ಲಿ ಕೂತು ಜಿನುಗುವುದು ಕಡಿಮೆಯಾಗುತ್ತೆ. ತೊಳೆಯಲು ಸೋಪು ಬೇಡ, ಬಿಸಿನೀರು, ತೆಂಗಿನ ನಾರು ಸಾಕು.

ಕುಡಿಯುವ ನೀರಿನ ಗಡಿಗೆಗೆ ಇದನ್ನು ಮಾಡಬೇಡಿ. ಜಿನುಗಿದ ನೀರು ಆವಿಯಾದರೇನೇ ಒಳಗೆ ತಂಪು.

ಒಳಗಡೆ ಪೇಂಟ್, ವಾರ್ನಿಷ್ ಬಳಿಯಲೇಬೇಡಿ. ಕೆಲವು ಬಣ್ಣಗಳಲ್ಲಿ ಸೀಸ ಇರುತ್ತೆ. ಹುಣಸೆ, ಮೊಸರಿನ ಹುಳಿಗೆ ಅದು ಊಟಕ್ಕೆ ಇಳಿದರೆ ಮಕ್ಕಳ ಮಿದುಳಿಗೆ ಹಾನಿ. ಅಂಗಡಿಯವರೂ ಅಷ್ಟೇ, ಬಣ್ಣದ ಗಡಿಗೆಗಳನ್ನು ‘ಶೋಗೆ ಮಾತ್ರ’ ಎಂದು ಹೇಳಿಯೇ ಮಾರಿ.